ಹಾಲಿಗೆ ಉಪ್ಪು ಹಾಕಿದ ಆಷಾಢ

ಒಂದು ಪಾತ್ರೆ ಸೂಪಿಗೆ ನನಗೆ ತಗುಲಿದ ಖರ್ಚನ್ನು ಮೊದಲು ಹೇಳಿಬಿಡುತ್ತೇನೆ. ಅರ್ಧ ಕೆಜಿ ಸಿಹಿಗುಂಬಳಕಾಯಿ, ಅರ್ಧ ಲೀಟರ್ ಪ್ಯಾಕೆಟ್ ಹಾಲು, ಒಂದು ಹಿಡಿ ಶೇಂಗಾ, ನಾಲ್ಕು ಕಾಳು ಮೆಣಸು. ಚೌಕಾಸಿ ಮಾಡಲು ಬಾರದವರಿಗೂ ಇದು ಐವತ್ತು ಅರವತ್ತು ರೂಪಾಯಿ ದಾಟುವುದಿಲ್ಲ. ಅದರ ಮೇಲೆ ಇನ್ನೊಂದು ಖರ್ಚಿದೆ. ನನ್ನ ಅವ್ವನಿಗೆ ಕೊಟ್ಟು, ಮೂವತ್ತು ವರ್ಷ ಮುರಿಯದೆ ಇಟ್ಟುಕೊಂಡಿದ್ದ ಒಂದು ಮಾತು. ರೂಪಾಯಿಯದು ಅವತ್ತೇ ಮರೆತೆ. ಮಾತಿನದು ಇವತ್ತಿಗೂ ಚುಚ್ಚುತ್ತದೆ. ಆದರೂ ಆ ವ್ಯಾಪಾರ ಮತ್ತೆ ಎದುರಿಗೆ ಬಂದರೆ ಅದೇ ಬೆಲೆಗೆ ಮುಗಿಸುತ್ತೇನೆ. ಯಾಕೆಂದರೆ ಅವತ್ತು ನನ್ನ ಸೊಸೆಯ ದವಡೆ ಮುರಿದಿತ್ತು, ಅವಳು ಊಟ ಬಿಟ್ಟು ಮಲಗಿದ್ದಳು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಹಿರಿಯೂರಿನ ಬೀಗತಿ ಗಿರಿಜಕ್ಕ, ಅಂದರೆ ಸೊಸೆಯ ತಾಯಿ, ಮೇಲಿನ ಸಾಲಿನ ಹಲ್ಲು ಅಷ್ಟನ್ನೂ ಕೀಳಿಸಿಕೊಂಡರು. ಫೋನು ಮಾಡಿ ಬೊಚ್ಚುಬಾಯಲ್ಲಿ, "ಅವತ್ತು ನಮ್ಮ ಹುಡುಗಿಗೆ ಮಾಡಿದ್ರಲ್ಲ ಬೀಗ್ರೇ, ಆ ಕುಂಬಳಕಾಯಿ ಸಾರು, ಅದನ್ನೊಂದು ಸಲ ಮಾಡ್ಕೊಟ್ಟು ಹೋಗ್ರಿ" ಅಂದರು. ಹೋದೆ. ಅವರ ಅಡಿಗೆಮನೆಯಲ್ಲಿ ಕುಂಬಳಕಾಯಿಯ ಜೊತೆ ಹಾಲು ಕಾಯುವ ವಾಸನೆ ಮೂಗಿಗೆ ತಾಗಿದ್ದೇ ತಡ, ಮೂರು ವರ್ಷದ ಹಿಂದಿನ ಆಷಾಢ ಗಾಳಿ ಸಮೇತ ಬಂದು ನಿಂತಿತು.

ನಾನು ಚಿತ್ರದುರ್ಗದಲ್ಲಿ ಮದುವೆ ಅಡಿಗೆಯ ಕಂಟ್ರಾಕ್ಟು ಹಿಡಿಯುವವಳು. ಹುಟ್ಟಿದ್ದು ಭರಮಸಾಗರದಲ್ಲಿ. ಮದುವೆಯಲ್ಲಿ ಅವ್ವ ಬಂಗಾರದ ಬದಲು ಒಂದು ಎಮ್ಮೆ ಕೊಟ್ಟಳು. ಅದರ ಹಾಲನ್ನು ಬಸ್‌ಸ್ಟ್ಯಾಂಡಿನ ಹೋಟೆಲುಗಳಿಗೆ ಹಾಕಿದೆ, ಆಮೇಲೆ ರೊಟ್ಟಿ ಬಡಿದು ಮಾರಿದೆ, ಆಮೇಲೆ ಐವತ್ತು ಎಲೆಯ ನಾಮಕರಣ, ಆಮೇಲೆ ಐನೂರು ಎಲೆಯ ಮದುವೆ. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ. ಐನೂರು ಜನದ ಸಾರಿಗೆ ಉಪ್ಪನ್ನು ಕಣ್ಣಳತೆಯಲ್ಲೇ ಹಾಕುತ್ತೇನೆ. ಸೌಟಿನಿಂದ ಅಂಗೈಗೆ ಬಿಟ್ಟು ನೆಕ್ಕಿ ನೋಡುವ ಅಡಿಗೆಯವರನ್ನು ಕಂಡರೆ ನನಗೆ ಆಗುವುದಿಲ್ಲ. ನೆಕ್ಕಿ ನೋಡಬೇಕಾದರೆ ಅವರಿಗೆ ಅಡಿಗೆ ಬರುವುದಿಲ್ಲ ಎಂದೇ ಅರ್ಥ. ಈ ಮಾತನ್ನು ನಾನು ನೂರಾರು ಜನರ ಮುಂದೆ ಹೇಳಿದ್ದೇನೆ.

ನನ್ನ ಮಗ ಪ್ರಸನ್ನ ಪಾತ್ರೆ ಸಾಗಿಸುವ ಗಾಡಿ ಓಡಿಸುತ್ತಾನೆ. ಸೊಸೆ ವಿನುತ ಹೊಳಲ್ಕೆರೆ ಕಡೆ ತಾಳ್ಯದಲ್ಲಿ ಗ್ರಾಮ ಆಡಳಿತಾಧಿಕಾರಿ. ಮದುವೆಯಾಗಿ ಮೂರು ತಿಂಗಳು ಆಗಿತ್ತು. ತಾಳ್ಯದಿಂದ ಸ್ಕೂಟರಿನಲ್ಲಿ ಬರುವಾಗ, ಬಣ್ಣ ಬಳಿಯದೆ ಹಾಗೇ ಬಿಟ್ಟಿದ್ದ ಒಂದು ರೋಡ್ ಹಂಪು ಕಾಣದೆ ಹಾರಿಬಿದ್ದಳು. ಕೈಕಾಲಿಗೆ ಏನೂ ಆಗಲಿಲ್ಲ, ದವಡೆ ಎರಡು ಕಡೆ ಮುರಿಯಿತು. ದುರ್ಗದ ಆಸ್ಪತ್ರೆಯಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಸುತ್ತಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ. ಕೆನ್ನೆಯ ಪಕ್ಕದ ಸಂದಿಯಿಂದ ನೀರಿನಂಥದ್ದು ಏನಾದರೂ ಒಳಗೆ ಇಳಿಯಬೇಕು, ಅಷ್ಟೇ. ಒಂದು ಕಾಗದ ಕೊಟ್ಟರು: ಖಾರ ಬೇಡ, ಹುಳಿ ಬೇಡ, ಹಾಲು ಹೆಚ್ಚು ಕೊಡಿ. ಇಷ್ಟು ಬರೆಯಲು ಅಷ್ಟು ವರ್ಷ ಓದಬೇಕಿತ್ತೇ ಎಂದುಕೊಂಡು ಮಡಿಚಿ ಸೆರಗಿಗೆ ಕಟ್ಟಿಕೊಂಡೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ನನಗೆ ಕೆಲಸ ಇಲ್ಲ. ದುರ್ಗದಲ್ಲಿ ಮಳೆಗಿಂತ ಗಾಳಿ ಹೆಚ್ಚು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೆಲ್ಲ ಗಿರಗಿರ ತಿರುಗುತ್ತಿದ್ದವು. ಕೊಪ್ಪರಿಗೆಗಳನ್ನೆಲ್ಲ ಮಗುಚಿಟ್ಟು ಸುಮ್ಮನೆ ಕುಳಿತಿದ್ದೆ. ಅದರ ಮೇಲೆ ಇನ್ನೊಂದು ತೊಡಕು. ಮೊದಲ ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು. ಪ್ರತಿ ಗುರುವಾರ ತಂತಿ ನೋಡುವ ಡಾಕ್ಟರು ಇಲ್ಲಿ, ತವರು ಹಿರಿಯೂರಿನಲ್ಲಿ. ಗಿರಿಜಕ್ಕ ಫೋನಿನಲ್ಲಿ ಹಾರಾಡಿದರು. ನಾನು ಚೌಕಾಸಿ ಮಾಡಿ ಒಂದು ದಾರಿ ತೆಗೆದೆ. ನಮ್ಮ ಮನೆಯ ಹಿಂದೆ ಪಾತ್ರೆ ದಿನಸಿ ಇಡುವ ಗೋಡೌನು ಇದೆ, ಅದಕ್ಕೆ ಹಿಂದಿನ ಓಣಿಗೆ ಬೇರೆ ಬಾಗಿಲು. ನಾನು ಅಲ್ಲಿ ಇರುತ್ತೇನೆ, ಅಲ್ಲೇ ಬೇಯಿಸುತ್ತೇನೆ. ಅವಳಿಗೆ ಮುಂಬಾಗಿಲು. ನಡುವೆ ಸರಳು ಹಾಕಿದ ಒಂದು ಕಿಟಕಿ, ಅದರಲ್ಲಿ ಬಟ್ಟಲು ಹೋಗಿ ಬರುತ್ತದೆ.

"ಕಿಟಕಿ ಹೊಸ್ತಿಲು ಅಲ್ಲ ಬೀಗ್ರೇ. ಯಾವ ಶಾಸ್ತ್ರದಾಗೆ ಐತೆ ಹೇಳ್ರಿ, ಒಪ್ಕಂತೀನಿ" ಅಂದೆ. ಅವರಿಗೆ ಯಾವ ಶಾಸ್ತ್ರವೂ ಗೊತ್ತಿರಲಿಲ್ಲ. ಫೋನಿಟ್ಟರು.

ಕಿಟಕಿಯಿಂದ ನಾನು ಕೊಟ್ಟದ್ದೇನು ಕಡಿಮೆಯೇ? ಹಾಲಿಗೆ ಬೆಲ್ಲ ಹಾಕಿ ರಾಗಿ ಸರಿ. ಸಕ್ಕರೆ ಹಾಕಿದ ಅಕ್ಕಿ ಗಂಜಿ. ಬಾದಾಮಿ ಹಾಲು. ಹೆಸರುಬೇಳೆ ಪಾಯಸ, ಸೋಸಿದ್ದು. ಮೊದಲ ಎರಡು ದಿನ ಕುಡಿದಳು. ಹಲ್ಲು ಕಚ್ಚಿದ ಬಾಯಿಂದ ಏನೋ ಗೊಣಗುಟ್ಟಿದಳು, "ತುಪ್ಪ" ಎಂದು ನನಗೂ ಕೇಳಿಸಿತು, ಪ್ರಸನ್ನನಿಗೂ ಕೇಳಿಸಿತು. ಕಾಯಿಲೆಯವರು ತುಪ್ಪ ಕೇಳುವುದು ಒಳ್ಳೆಯ ಲಕ್ಷಣ ಎಂದು ಎಲ್ಲದಕ್ಕೂ ಎರಡೆರಡು ಚಮಚ ತುಪ್ಪ ಸುರಿದೆ. ಮತ್ತೊಂದು ಸಲ ಕೇಳಿದಳು, ಮೂರು ಚಮಚ ಮಾಡಿದೆ. ಆಮೇಲೆ ಅವಳು ಕೇಳಲೂ ಇಲ್ಲ, ಕುಡಿಯಲೂ ಇಲ್ಲ. ತುಂಬಿದ ಬಟ್ಟಲು ಕಿಟಕಿಯಿಂದ ತಿರುಗಿ ಬರತೊಡಗಿತು. ನನ್ನ ಕೈಯಡಿಗೆ ತಿರುಗಿ ಬರುವುದೆಂದರೇನು! ಓದಿದ ಹುಡುಗಿಯ ಕೊಬ್ಬು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಎರಡನೇ ಗುರುವಾರ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನನ್ನ ಮಗನಿಗಿಂತ ಚಿಕ್ಕವನು ಆ ಡಾಕ್ಟರು.

"ಬಂದಾಗ ನಲವತ್ತೆಂಟಿದ್ರು. ಇವತ್ತು ನಲವತ್ಮೂರೂವರೆ. ಬರೋ ಗುರುವಾರ ಇದಕ್ಕಿಂತ ಕೆಳಗೆ ಇಳಿದ್ರೆ ಅಡ್ಮಿಟ್ ಮಾಡಿ ಮೂಗಿನಿಂದ ನಳಿಗೆ ಹಾಕ್ಬೇಕಾಗುತ್ತೆ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಅಡಿಗೆ ಕಂಟ್ರಾಕ್ಟ್ ಮಾಡ್ತೀರಂತಲ್ಲಮ್ಮ?" ಅಂದು ನಕ್ಕ. ಆ ನಗುವನ್ನು ನಾನು ಇನ್ನೂ ಎತ್ತಿಟ್ಟುಕೊಂಡಿದ್ದೇನೆ.

ಸುದ್ದಿ ಹಿರಿಯೂರು ಮುಟ್ಟಿತು. ಶನಿವಾರ ಬೆಳಿಗ್ಗೆ ಗಿರಿಜಕ್ಕ ಬಾಡಿಗೆ ಕಾರು ಮಾಡಿಕೊಂಡು ಬಂದೇಬಿಟ್ಟರು. ಮುಂಬಾಗಿಲಿಂದ ಒಳಗೆ ಹೋಗಿ ಮಗಳ ಕೈ ಹಿಡಿದು ನೋಡಿದರು. ಬಳೆ ಮೊಣಕೈವರೆಗೆ ಜಾರಿತು. ಅಲ್ಲಿಂದಲೇ ಕಿಟಕಿಗೆ ಬಂದು, ನನ್ನ ಮುಖಕ್ಕೆ ಸರಿಯಾಗಿ ಕೇಳಿದರು:

"ಐನೂರು ಎಲಿಗೆ ಬಡಿಸೋರ ಮನಿಯಾಗೆ ನನ್ನ ಮಗಳಿಗೊಂದು ಲೋಟ ಗಂಜಿ ಹುಟ್ಟಲಿಲ್ಲೇನ್ರಿ?"

"ಹುಟ್ಟಿದ್ದನ್ನ ನಿಮ್ಮ ಮಗಳು ಕುಡಿಬೇಕಲ್ರಿ. ಬರ್ರಿ, ಕುಂತ್ಕಳ್ರಿ, ನೋಡ್ರಿ ಬೇಕಾದ್ರೆ. ಇನ್ನೂ ಬಿಸಿ ಐತೆ."

"ಕುಂತ್ಕಳಾಕೆ ಬಂದಿಲ್ಲ. ಆಸಾಡದಾಗೆ ಇಟ್ಕಂಡಿದ್ದೇ ತಪ್ಪು. ನಡೀ ವಿನುತ, ಹೋಗಾಣ."

ಪ್ರಸನ್ನ ಬಾಗಿಲಲ್ಲಿ ಗೋಡೆಯ ಹಾಗೆ ನಿಂತಿದ್ದ. ನನಗೆ ಒಂದು ವಿಷಯ ಸ್ಪಷ್ಟವಾಗಿ ಗೊತ್ತಿತ್ತು. ಹಬ್ಬಕ್ಕೆಂದು ತವರಿಗೆ ಹೋದ ಸೊಸೆ ತಿರುಗಿ ಬರುತ್ತಾಳೆ. ಅತ್ತೆಮನೆಯಲ್ಲಿ ಉಪವಾಸ ಬಿದ್ದಳು ಎಂದು ಕರೆದೊಯ್ದವಳು ಬರುವುದಿಲ್ಲ, ಬಂದರೂ ಹೋದವಳ ಹಾಗೆ ಇರುವುದಿಲ್ಲ. ಮತ್ತೆ ಆ ನಲವತ್ಮೂರೂವರೆ ಕೆಜಿ ಹಿರಿಯೂರಿನ ದಾರಿಯಲ್ಲಿ ಎಷ್ಟಾಗುತ್ತದೋ ಯಾರಿಗೆ ಗೊತ್ತು. ಹಾಗಾಗಿ ವ್ಯಾಪಾರಕ್ಕೆ ಇಳಿದೆ. ಬರುವ ಗುರುವಾರದ ತನಕ ನನ್ನದು. ತೂಕ ಇಳಿದರೆ ಆಮೇಲೆ ಅವರದು, ನಾನು ಎದುರು ಮಾತಾಡುವುದಿಲ್ಲ.

"ಒಂದು ಗುಲಗಂಜಿ ಕಮ್ಮಿ ಬಂದ್ರೂ ಕರ್ಕಂಡು ಹೋಗೋಳೇ ನಾನು" ಅಂದು ಗಿರಿಜಕ್ಕ ಕಾರು ಹತ್ತಿದರು.

ಮರುದಿನ ಭಾನುವಾರ. ಮಧ್ಯಾಹ್ನ ಕಿಟಕಿಯಿಂದ ನೋಡಿದರೆ ಸೊಸೆ ದಿಂಬಿಗೆ ಒರಗಿ ಆಟದ ಡಬ್ಬಿ ಹಿಡಿದಿದ್ದಾಳೆ. ಮೊಬೈಲಿಗಿಂತ ಅಗಲ, ಎರಡು ಪಕ್ಕ ಗುಂಡಿ. ಸಂಬಳದ ದುಡ್ಡಲ್ಲಿ ತೆಗೆದುಕೊಂಡದ್ದು. ಮದುವೆಯಾಗಿ ಬಂದಾಗ ಆ ಡಬ್ಬಿ ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಇಪ್ಪತ್ತಾರು ವರ್ಷದ ಹೆಂಗಸು, ಸರ್ಕಾರಿ ಕೆಲಸ, ಕೈಯಲ್ಲಿ ಆಟಿಕೆ. ಅವತ್ತು ಮಾತ್ರ ನಗು ಬರಲಿಲ್ಲ. ಹೊಟ್ಟೆಗೆ ಇಲ್ಲದವಳು ಆಡುತ್ತಿದ್ದಾಳಲ್ಲ ಎಂದು ಮೈ ಉರಿಯಿತು.

"ಏನಪ್ಪ ಅದು, ಅಷ್ಟು ಮುಖ್ಯವಾದದ್ದು?" ಎಂದು ಪ್ರಸನ್ನನನ್ನು ಕೇಳಿದೆ.

"ಟಪಾಲು ಹಂಚೋ ಆಟ ಅವ್ವ. ಆ ಹುಲ್ಲಿನ ಟೋಪಿಯೋಳು ಊರೂರಿಗೆ ಕಾಗದ ಕೊಡ್ಬೇಕು. ದಾರಿಯಾಗೆ ಸುಸ್ತಾದ್ರೆ ಅಡಿಗೆ ಮಾಡ್ಕಂಡು ತಿನ್ಬೇಕು. ಆದ್ರೆ ಇವಳು ಹತ್ತು ದಿನದಿಂದ ಒಂದು ಕಾಗದಾನೂ ಹಂಚಿಲ್ಲ. ಬರೀ ಆ ಸೂಪೊಂದು ಮಾಡ್ತಾ ಕುಂತಾಳೆ."

"ತೋರ್ಸು ನೋಡಾಣ."

ಡಬ್ಬಿಯನ್ನು ಕಿಟಕಿಯ ಸರಳಿಗೆ ತಂದು ಹಿಡಿದ. ಆ ಅಡಿಗೆಯನ್ನು ನೋಡಿದ ಯಾವ ಅಡಿಗೆಯವರಿಗೂ ನಗುವುದೋ ಅಳುವುದೋ ತಿಳಿಯುವುದಿಲ್ಲ. ಒಲೆ ತಾನೇ ಉರಿಯುತ್ತಿರುತ್ತದೆ, ಯಾರೂ ಹೊತ್ತಿಸುವುದಿಲ್ಲ. ಇಡೀ ಕುಂಬಳಕಾಯಿ ಸಿಪ್ಪೆ ಸಮೇತ, ಬೀಜ ಸಮೇತ, ತೊಟ್ಟು ಸಮೇತ ಪಾತ್ರೆಗೆ ಹಾರಿತು. ಹಾಲು ಸೀಸೆ ಸಮೇತ ಹಾರಿತು. ಒಂದು ಕಲ್ಲು ಹಾರಿತು. ಪಾತ್ರೆ ಎರಡು ಸಲ ಕುಣಿಯಿತು, ಟಿಣಿಟಿಣಿ ಎಂದು ಏನೋ ವಾದ್ಯ ಬಾರಿಸಿತು. ಅಷ್ಟೇ. ಬಟ್ಟಲು ತುಂಬ ಕೆನೆಗಟ್ಟಿದ ಹಳದಿ ಸೂಪು, ಮೇಲೆ ಹಬೆ. ಟೋಪಿಯವಳು ಗಟಗಟ ಕುಡಿದಳು. ಮೂಲೆಯಲ್ಲಿದ್ದ ಜೀವದ ಗೆರೆ ಕೆಂಪಗೆ ತುಂಬಿತು.

"ಒಗ್ಗರಣೆ ಎಲ್ಲೋ?"

"ಅದ್ರಾಗೆ ಒಗ್ಗರಣೆ ಇಲ್ಲ ಅವ್ವ."

"ಪಾತ್ರೆ ತೊಳೆಯೋರು?"

"ಅವರೂ ಇಲ್ಲ."

"ಹಂಗಾದ್ರೆ ಅದೆಂಥ ಅಡಿಗೆ ಲೇ? ಪಾತ್ರೆ ಕುಣಿಸೋದಕ್ಕೆ ಅಡಿಗೆ ಅಂತಾರೇನು?"

ಬೈದೆ, ಆದರೆ ಕಣ್ಣು ಸೊಸೆಯ ಮೇಲೆ ಇತ್ತು. ಟೋಪಿಯವಳು ಕುಡಿಯುವಾಗ ಇವಳ ಗಂಟಲು ಅಲ್ಲಾಡಿತು. ನಾನು ಎಷ್ಟೋ ಪಂಕ್ತಿಗಳಲ್ಲಿ ಹಸಿದವರನ್ನು ನೋಡಿದವಳು, ಗಂಟಲು ಸುಳ್ಳು ಹೇಳುವುದಿಲ್ಲ. ಇವಳಿಗೆ ಹಸಿವೆ ಸತ್ತಿಲ್ಲ, ಇವಳು ಕಣ್ಣಲ್ಲಿ ಊಟ ಮಾಡುತ್ತಿದ್ದಾಳೆ. ಸರಿ, ಆ ದರಿದ್ರ ಸೂಪನ್ನೇ ಮಾಡಿ ಎಸೆಯೋಣ ಎಂದುಕೊಂಡೆ. ಕಾಡಲ್ಲಿ ಟಪಾಲು ಹಂಚುವವಳಿಗೆ ಬರುವುದು ನನಗೆ ಬರುವುದಿಲ್ಲವೇ?

ಸಾಮಾನು ಏನೇನು ಎಂದು ಡಬ್ಬಿಯಲ್ಲಿ ಮತ್ತೆ ನೋಡಿದೆ. ಕುಂಬಳಕಾಯಿ, ಹಾಲು ಸರಿ. ಮೂರನೆಯದು ತುಸು ಗುಲಾಬಿ ಬಣ್ಣದ, ಮೂಲೆ ಮೂಲೆಯಾಗಿ ಹೊಳೆಯುವ ಬಿಳೀ ಹರಳು. ಹಾಲಿಗೆ ಹಾಕುವ ಬಿಳೀ ಹರಳು ಮತ್ತೇನಿರುತ್ತದೆ? ಕಲ್ಲುಸಕ್ಕರೆ. ಇದರಲ್ಲಿ ಕೇಳುವುದಕ್ಕೆ ಏನಿತ್ತು?

ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು ಎಂದು ಮೊದಲ ಏಟು ಪ್ರಸನ್ನನಿಂದ ಹಾಕಿಸಿದೆ. ಹೋಳು ಬೇಯಿಸಿ, ಅರೆದು, ಹಾಲು ಬೆರೆಸಿ, ಕಲ್ಲುಸಕ್ಕರೆ ಕರಗಿಸಿ, ಮೇಲೆ ಅವಳಿಗೆ ಪ್ರಿಯವಾದ ತುಪ್ಪ ಎರಡು ಚಮಚ ಬಿಟ್ಟು, ಕಿಟಕಿಯಲ್ಲಿ ಬಟ್ಟಲು ಇಟ್ಟೆ. ಬಣ್ಣ ಡಬ್ಬಿಯಲ್ಲಿ ಇದ್ದದ್ದೇ. ವಿನುತ ಬಟ್ಟಲು ನೋಡಿದವಳೇ ಎದ್ದು ಬಂದಳು. ಹದಿನೇಳು ದಿನದಲ್ಲಿ ಅವಳಾಗಿ ಎದ್ದು ಕಿಟಕಿಗೆ ಬಂದದ್ದು ಅದೇ ಮೊದಲು. ಕೆನ್ನೆಯ ಸಂದಿಗೆ ಚಮಚ ಇಟ್ಟು ಒಂದು ಗುಟುಕು ಎಳೆದಳು. ನಿಂತಳು. ಭುಜ ಕುಲುಕತೊಡಗಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ತಂತಿ ಕಟ್ಟಿದ ಬಾಯಿಯಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ಕಣ್ಣಿಂದ ನೀರು ಮಾತ್ರ ಸುರಿಯಿತು. ಬಟ್ಟಲನ್ನು ಸರಳಿನ ಈ ಕಡೆಗೆ ತಳ್ಳಿದಳು.

"ಅತ್ತೇ... ...ಪ್ಪು."

"ತುಪ್ಪಾನಾ? ಹಾಕೀನಲ್ಲೇ ತಾಯಿ, ಎರಡು ಚಮಚ! ಇನ್ನೂ ಬೇಕೇನು?"

ಅವಳು ತಲೆಯನ್ನು ಸರಳಿಗೆ ಆನಿಸಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಹೊಸ್ತಿಲು ದಾಟಿ ಗೋಡೌನಿಗೆ ಬರುವಂತಿಲ್ಲ. ಸರಳಿನ ಸಂದಿಯಿಂದ ತೋಳನ್ನು ಭುಜದ ತನಕ ಈ ಕಡೆ ತೂರಿಸಿ, ಗೋಡೆಗೆ ಒರಗಿಸಿದ್ದ ಚೀಲವನ್ನು ಬೆರಳಿಂದ ಕುಟ್ಟಿ ತೋರಿಸಿದಳು. ಮದುವೆ ಅಡಿಗೆಗೆ ತರಿಸಿದ್ದ ಕಲ್ಲುಪ್ಪಿನ ಚೀಲ.

"ಉಪ್ಪು" ಅಂದಳು. ಈ ಸಲ ಸ್ಪಷ್ಟವಾಗಿ ಕೇಳಿಸಿತು. ಮೊದಲಿನಿಂದಲೂ ಅವಳು ಹೇಳಿದ್ದು ಅದೇ. ಸಿಹಿ ಬಿಟ್ಟು ಬೇರೆ ಏನೂ ನಾಲಿಗೆಗೆ ಬೀಳದ ಹುಡುಗಿ ಉಪ್ಪು ಬೇಡಿದ್ದಳು, ನಾವು ತಾಯಿ ಮಗ ಇಬ್ಬರೂ ಸೇರಿ ತುಪ್ಪ ಕುಡಿಸಿದ್ದೆವು. ಆ ಹರಳೂ ಕಲ್ಲುಸಕ್ಕರೆಯಲ್ಲ, ಕಲ್ಲುಪ್ಪು.

"ಬರೆದು ತೋರ್ಸೋಕೆ ಏನಾಗಿತ್ತೇ? ಕೈ ನೆಟ್ಟಗೈತಲ್ಲ!" ಎಂದು ಜೋರು ಮಾಡಿದೆ. ನನ್ನ ತಪ್ಪಿಗೆ ನಾನು ಯಾವಾಗಲೂ ಮೊದಲು ಜೋರು ಮಾಡುತ್ತೇನೆ.

ಅವಳು ಮೊಬೈಲು ತೆಗೆದು ಬರೆದು ಸರಳಿಗೆ ಹಿಡಿದಳು. "ಖಾರದ ಜೊತೆ ಉಪ್ಪೂ ಬೇಡ ಅಂತ ನೀವೇ ಬಿಟ್ಟಿದೀರಿ ಅನ್ಕೊಂಡೆ. ಎರಡು ಸಲ ಕೇಳಿದೆ, ತುಪ್ಪ ಹಾಕಿದ್ರಿ. ಐನೂರು ಜನಕ್ಕೆ ಅಡಿಗೆ ಮಾಡೋರಿಗೆ ಉಪ್ಪಿಲ್ಲ ಅಂತ ಬರೆದು ತೋರಿಸೋದು ಹೆಂಗೆ ಅತ್ತೆ?"

ಓದಿದೆ. ಇಂಥ ಮರ್ಯಾದೆ ಯಾರಿಗೆ ಬೇಕು? ಸಾಯುವಷ್ಟು ಮರ್ಯಾದೆ ಕೊಡುವವರನ್ನು ಕಂಡರೆ ನನಗೆ ಬೈಯುವವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ. ಬೈಯಲು ಬಾಯಿ ಬಿಚ್ಚುವ ಬದಲು ಚೀಲದ ಬಾಯಿ ಬಿಚ್ಚಿದೆ.

ಬರೀ ಅಕ್ಕಿ ಗಂಜಿಗೆ ಉಪ್ಪು ಹಾಕಿ ಕೊಟ್ಟೆ. ಒಂದು ಲೋಟ ಕುಡಿದಳು, ಹೊಟ್ಟೆ ತುಂಬಿತು, ಅದರಲ್ಲಿ ಇದ್ದದ್ದು ನೀರೇ. ಗುರುವಾರಕ್ಕೆ ನಾಲ್ಕು ದಿನ. ನೀರಿನಿಂದ ತೂಕ ಏರುವುದಿಲ್ಲ. ಮಜ್ಜಿಗೆ ಕೊಟ್ಟರೆ ಹುಳಿ ಗಾಯಕ್ಕೆ ಉರಿ. ಮೈಗೆ ಹಿಡಿಯಬೇಕಾದರೆ ಹಾಲೇ ಬೇಕು, ಗಂಟಲಿಗೆ ಇಳಿಯಬೇಕಾದರೆ ಉಪ್ಪೇ ಬೇಕು. ಎರಡೂ ಸೇರಬೇಕು. ಅಲ್ಲೇ ನನ್ನ ಕೈ ನಿಂತಿತು.

ನಮ್ಮಲ್ಲಿ ಹಾಲಿಗೆ ಉಪ್ಪು ಹಾಕುವುದಿಲ್ಲ. ಮದುವೆಯ ಮಾರನೇ ದಿನ ಅವ್ವ ನನ್ನ ಕೈಯನ್ನು ಎಮ್ಮೆಯ ಬೆನ್ನ ಮೇಲೆ ಇಡಿಸಿ, "ಹಾಲಿಗೆ ಉಪ್ಪು ತೋರಿಸಬ್ಯಾಡ, ಕೆಚ್ಚಲು ಬತ್ತುತ್ತೆ" ಅಂದಿದ್ದಳು. ತೋರಿಸುವುದಿಲ್ಲ ಅಂದಿದ್ದೆ. ಆ ಎಮ್ಮೆಯಿಂದ ನಾನು ಇಷ್ಟಾದೆ. ಅದು ಸತ್ತು ಎಷ್ಟೋ ವರ್ಷವಾಗಿದೆ, ಅವ್ವನೂ ಇಲ್ಲ. ಕೆಚ್ಚಲು ಬತ್ತುತ್ತದೆ ಎಂದು ಹೆದರುವುದಕ್ಕೆ ಯಾರೂ ಉಳಿದಿಲ್ಲ. ಆದರೂ ನಮ್ಮ ಓಣಿಯ ಎಮ್ಮೆ ಹಾಲಿನ ತಂಬಿಗೆಯನ್ನು ಒಲೆಯ ಪಕ್ಕ ಇಟ್ಟುಕೊಂಡು, ಉಪ್ಪು ಹಿಡಿದ ಮುಷ್ಟಿ ಬಿಚ್ಚಲು ನನ್ನಿಂದ ಆಗಲಿಲ್ಲ. ನಗುವವರು ನಗಲಿ. ಮಾತು ಕೊಟ್ಟು ದಂಧೆ ಮಾಡಿದವರಿಗೆ ಅದರ ಭಾರ ಗೊತ್ತಿರುತ್ತದೆ.

ಒಂದು ಗಳಿಗೆ ಯೋಚಿಸಿ ಪ್ರಸನ್ನನನ್ನು ಕೂಗಿದೆ. "ಅಂಗಡಿಗೆ ಹೋಗಿ ಪ್ಯಾಕೆಟ್ ಹಾಲು ತಗಂಡು ಬಾ."

"ಯಾಕವ್ವ, ತಂಬಿಗೆ ತುಂಬ ಹಾಲು ಐತಲ್ಲ."

"ಅದಕ್ಕೆ ಎಮ್ಮೆ ಯಾವುದು ಅಂತ ಗೊತ್ತೈತೆ."

ಅವನಿಗೆ ಆಗ ಅರ್ಥವಾಯಿತು. ಬಾಗಿಲು ಹಿಡಿದುಕೊಂಡು ನಕ್ಕ. "ಪ್ಯಾಕೆಟಿನಾಗಿರೋದೂ ಹಾಲೇ ಅಲ್ವೇನವ್ವ?"

"ಯಾವ ಎಮ್ಮೇದು ಹೇಳು ನೋಡಾಣ? ನೂರೂರಿನ ಹಾಲು, ಹೆಸರಿಲ್ಲ, ಕುಲ ಇಲ್ಲ. ಯಾವ ಕೆಚ್ಚಲು ಬಂದು ನನ್ನ ಕೇಳುತ್ತೆ? ನಡಿ ನಡಿ, ನಗಬ್ಯಾಡ."

ಇದು ಚೌಕಾಸಿ ಎಂದು ನನಗೂ ಗೊತ್ತಿತ್ತು. ಅವ್ವ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಅದಕ್ಕೇ ಖರ್ಚಿನಲ್ಲಿ ಆ ಮಾತನ್ನೂ ಸೇರಿಸಿ ಹೇಳಿದ್ದು.

ಮೊದಲ ಸಲ ಹಾಲಿನ ಜೊತೆಯಲ್ಲೇ ಉಪ್ಪು ಹಾಕಿ ಕುದಿಸಿದೆ. ಚಿರ್ ಎಂದು ಒಡೆಯಿತು. ಅವ್ವ ಗೆದ್ದಳು ಎಂದುಕೊಂಡೆ. ಒಳಗೊಳಗೆ ಸಮಾಧಾನವೂ ಆಯಿತು. ಆಮೇಲೆ ಪಾತ್ರೆ ಮೂಸಿ ನೋಡಿದರೆ ಪುಳಿಯೋಗರೆ ಗೊಜ್ಜು ಕಾಯಿಸಿದ ಪಾತ್ರೆ, ಅಂಚಿನಲ್ಲಿ ಹುಳಿ ಹಾಗೇ ಹಿಡಿದಿತ್ತು. ಬೇರೆ ಪಾತ್ರೆ ಇಟ್ಟೆ. ಕುಂಬಳಕಾಯಿಯನ್ನು ನೀರಿನಲ್ಲಿ ಬೆಣ್ಣೆಯ ಹಾಗೆ ಬೇಯಿಸಿದೆ. ಟೋಪಿಯವಳಿಗೆ ಗೊತ್ತಿರದ ಒಂದು ಸಾಮಾನನ್ನು ನಾನು ಸೇರಿಸಿದೆ: ನೆನೆಸಿ ಸಿಪ್ಪೆ ತೆಗೆದ ಒಂದು ಹಿಡಿ ಶೇಂಗಾ. ಅದನ್ನೂ ಹೋಳಿನ ಜೊತೆ ಬೇಯಿಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ ಸೋಸಿದೆ. ಹಾಲು ಬೆರೆಸಿ, ಹಬೆ ಬರುವ ತನಕ ಕಾಯಿಸಿ, ಕುದಿಯುವ ಮೊದಲು ಇಳಿಸಿದೆ. ಚಿಟಿಕೆ ಮೆಣಸಿನ ಪುಡಿ, ಬಾಯಿಗೆ ತಿಳಿಯುವಷ್ಟು, ಉರಿಯುವಷ್ಟಲ್ಲ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಉಪ್ಪು ಹಾಕಿದೆ.

ಹಾಲು ಒಡೆಯಲಿಲ್ಲ. ಮನೆ ಬೀಳಲಿಲ್ಲ. ಗಾಳಿ ಬೀಸುತ್ತಲೇ ಇತ್ತು.

ಬಟ್ಟಲನ್ನು ಕಿಟಕಿಯಲ್ಲಿಟ್ಟು ಕೊಪ್ಪರಿಗೆ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ಕುಳಿತೆ. ಸೂರ್ ಎಂದು ಎಳೆಯುವ ಸದ್ದು ಬಂತು. ನಿಂತಿತು. ಮತ್ತೆ ಬಂತು. ತುಂಬ ಹೊತ್ತು ಬಂತು. ಕೊನೆಗೆ ಸರಳಿಗೆ ಚಮಚ ಬಡಿದ ಟಣ್ ಟಣ್ ಸದ್ದು. ತಿರುಗಿ ನೋಡಿದರೆ ಬಟ್ಟಲು ಖಾಲಿ, ಅವಳ ಮೂಗಿನ ತುದಿಯಲ್ಲಿ ಹಳದಿ. ಹೋಟೆಲಿನಲ್ಲಿ ಗಿರಾಕಿ ಬಡಿಯುವ ಹಾಗೆ ಮತ್ತೆ ಬಡಿದಳು. ಟಣ್.

"ಹಲ್ಲು ಕಟ್ಟಿದ್ರೂ ದೌಲತ್ತಿಗೇನೂ ಕಮ್ಮಿಯಿಲ್ಲ" ಅಂದು ಎರಡನೇ ಬಟ್ಟಲು ತುಂಬಿದೆ.

ಸೋಮವಾರ ನಾಲ್ಕು ಬಟ್ಟಲು, ಮಂಗಳವಾರ ಐದು. ಬುಧವಾರ ಅವಳ ಡಬ್ಬಿಯಲ್ಲಿ ಟೋಪಿಯವಳು ಮತ್ತೆ ಕಾಗದ ಹಂಚಲು ಹೊರಟಿದ್ದಳು.

ಗುರುವಾರ ಗಿರಿಜಕ್ಕ ನೇರವಾಗಿ ಆಸ್ಪತ್ರೆಗೇ ಬಂದರು, ಕಾರು ಹೊರಗೆ ನಿಲ್ಲಿಸಿಕೊಂಡು. ವಿನುತ ಗಾಳಿಗೆ ಸ್ವೆಟರು ಹಾಕಿಕೊಂಡು ಬಂದಿದ್ದಳು. ಯಂತ್ರ ಹತ್ತಲು ಹೊರಟವಳನ್ನು ನಾನೇ ತಡೆದೆ.

"ಸ್ವೆಟರ್ ಬಿಚ್ಚು. ಚಪ್ಪಲಿ ಬಿಡು. ಮೊಬೈಲ್ ಇಲ್ಲಿ ಕೊಡು."

"ಇರ್ಲಿ ಬಿಡ್ರಿ, ಚಳಿ" ಎಂದು ಗಿರಿಜಕ್ಕನೇ ಅಂದರು.

"ಬ್ಯಾಡ್ರಿ. ಆಮ್ಯಾಲೆ ಸ್ವೆಟರ್ ತೂಕ ಅಂತ ನೀವೇ ಅಂತೀರಿ."

ಹತ್ತಿದಳು. ಕೆಂಪಂಕಿ ಅತ್ತ ಇತ್ತ ಓಡಾಡಿ ನಿಂತಿತು. ನಲವತ್ಮೂರು ಎಂಟುನೂರು. ಡಾಕ್ಟರು ಬಗ್ಗಿ ಇನ್ನೊಮ್ಮೆ ನೋಡಿದ. "ಪರವಾಗಿಲ್ಲ, ಏರ್ತಾ ಇದೆ. ನಳಿಗೆ ಬೇಡ" ಅಂದ. ಈ ಸಲ ನಗಲಿಲ್ಲ.

ಮುನ್ನೂರು ಗ್ರಾಂ. ಸಂತೆಯಲ್ಲಿ ಮುನ್ನೂರು ಗ್ರಾಂ ಬದನೆಕಾಯಿಗೆ ನಾನು ಅರ್ಧ ಗಂಟೆ ಜಗಳ ಕಾದಿದ್ದೇನೆ, ತಕ್ಕಡಿಯ ತಳ ಮಗುಚಿ ನೋಡಿದ್ದೇನೆ, ತೂಗುವವನ ಅಪ್ಪನ ತನಕ ಬೈದಿದ್ದೇನೆ. ಅವತ್ತು ಆ ಮುನ್ನೂರು ಗ್ರಾಮಿಗೆ ಒಂದು ಮಾತೂ ಹೊರಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ.

ಗಿರಿಜಕ್ಕ ಬಂದು ಪಕ್ಕದಲ್ಲಿ ಕುಳಿತರು. "ಏನು ಕೊಟ್ರಿ ಬೀಗ್ರೇ?"

"ಕುಂಬಳಕಾಯಿ ಸಾರು."

"ಕೆನೆ ಕೆನೆಯಾಗಿತ್ತಂತೆ, ಅಳಿಯ ಅಂದ್ರು. ಹಾಲು ಹಾಕಿದ್ರೇನು? ಉಪ್ಪಿನ ಸಾರಿಗೆ?"

ಅವರ ಹಣೆಯ ಈಬತ್ತಿ, ಆ ಮುಖದ ಭಯ ನೋಡಿದೆ. ಈ ಹೆಂಗಸಿಗೆ ನಿಜ ಹೇಳಿದರೆ ಮುನ್ನೂರು ಗ್ರಾಮನ್ನೂ ಇಲ್ಲೇ ವಾಂತಿ ಮಾಡಿಸುತ್ತಾಳೆ ಎಂದು ಖಾತ್ರಿಯಾಯಿತು.

"ಕಾಯಿಹಾಲು ಕಣ್ರಿ. ಹೊಸದುರ್ಗದ ಕಾಯಿ."

ಬಾಗಿಲಲ್ಲಿ ನಿಂತಿದ್ದ ವಿನುತ ಮೂಗಿನಿಂದ ಪುಸ್ ಎಂದಳು. ಅವಳ ತಾಯಿ ಶೀತ ಎಂದು ತಿಳಿದು ಸ್ವೆಟರು ಹೊದಿಸಿದರು. ಕಾರು ಖಾಲಿಯಾಗಿ ಹಿರಿಯೂರಿಗೆ ಹೋಯಿತು. ತಂತಿ ಬಿಚ್ಚುವ ತನಕ ಆ ಸೂಪು ಕಿಟಕಿ ದಾಟುತ್ತಲೇ ಇತ್ತು. ಬಿಚ್ಚಿದ ದಿನ ಅವಳು ಮೊದಲು ಆಡಿದ ಮಾತು, "ಅತ್ತೆ, ಖಾರ ಮಂಡಕ್ಕಿ." ಅದು ಮಾತ್ರ ಸರಿಯಾಗಿ ಕೇಳಿಸಿತು.

ಮೊನ್ನೆ ಹಿರಿಯೂರಿನಲ್ಲೂ ಹಾಗೇ ಮಾಡಿದೆ. ಗಿರಿಜಕ್ಕನಿಗೆ ಅನುಮಾನ ಬರಬಾರದೆಂದು ಒಂದು ತೆಂಗಿನಕಾಯಿ ಒಡೆದು ಹೋಳುಗಳನ್ನು ಕಟ್ಟೆಯ ಮೇಲೆ ಕಾಣುವ ಹಾಗೆ ಇಟ್ಟೆ, ಹಾಲಿನ ಪ್ಯಾಕೆಟನ್ನು ನನ್ನ ಚೀಲದಲ್ಲಿ ಮುಚ್ಚಿಟ್ಟುಕೊಂಡು ಬಂದೆ. ಅವರು ಎರಡು ಬಟ್ಟಲು ಮುಗಿಸಿ, "ಏನೇ ಅನ್ರಿ ಬೀಗ್ರೇ, ಹೊಸದುರ್ಗದ ಕಾಯಿ ರುಚಿನೇ ಬ್ಯಾರೆ" ಅಂದರು. ನಾಲಿಗೆಯ ರುಚಿಯೂ ಹಲ್ಲಿನ ಜೊತೆಗೇ ಹೋಗುತ್ತದೋ ಏನೋ. ಇದನ್ನು ಅವರು ಓದಿದರೆ ಓದಲಿ. ಹೊಟ್ಟೆ ಸೇರಿದ್ದನ್ನು ತಿರುಗಿ ಕೇಳಲು ಬರುವುದಿಲ್ಲ.

ನೀವು ಮಾಡುವುದಾದರೆ ಕೇಳಿ. ಕುಂಬಳಕಾಯಿ ಇಡಿಯಾಗಿ ಕೊಳ್ಳಬೇಡಿ, ಕೊಯ್ದಿಟ್ಟ ಹೋಳು ಕೊಳ್ಳಿ. ತಿರುಳು ಕೆಂಪಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಮಾರುವವನ ಬಾಯಿ ನಂಬಬೇಕಾಗಿಲ್ಲ. ಅವನು ಹೇಳಿದ ರೇಟಿಗೆ ಬೀಜ ತೆಗೆದು ತೂಗು ಅನ್ನಿ. ಶೇಂಗಾ ಬೆಳಿಗ್ಗೆಯೇ ನೆನೆಹಾಕಿ, ಹುರಿದದ್ದು ಹಾಕಿದರೆ ಚಟ್ನಿಯ ವಾಸನೆ ಬರುತ್ತದೆ. ಹಲ್ಲು ಕಟ್ಟಿದವರಿಗಾದರೆ ಬಟ್ಟೆಯಲ್ಲೇ ಸೋಸಿ, ಜಾಲರಿಯಲ್ಲಿ ಚೂರು ಉಳಿದು ತಂತಿಗೆ ಸಿಕ್ಕಿಕೊಳ್ಳುತ್ತದೆ. ಹಾಲು ಹಾಕಿದ ಮೇಲೆ ಕುದಿಸಬೇಡಿ, ಹುಳಿ ಮುಟ್ಟಿದ ಪಾತ್ರೆಯನ್ನು ಹತ್ತಿರ ತರಬೇಡಿ, ಉಪ್ಪು ಇಳಿಸಿದ ಮೇಲೆ. ಹಾಲಿಗೆ ಉಪ್ಪು ಹಾಕಲು ಮನಸ್ಸು ಒಪ್ಪದಿದ್ದರೆ ಪ್ಯಾಕೆಟ್ ಹಾಲು ತನ್ನಿ, ನಾನು ತೋರಿಸಿದ ದಾರಿ ಇದೆ. ಕುಡಿದಾದ ಕೂಡಲೇ ಪಾತ್ರೆಗೆ ನೀರು ಬಿಡಿ, ಒಣಗಿದರೆ ಉಗುರು ಹೋಗುತ್ತದೆ. ಆ ಡಬ್ಬಿಯ ಒಳಗೆ ತಿಕ್ಕುವವರು ಬೇಕಾಗಿಲ್ಲ, ನಿಮ್ಮ ಮನೆಯಲ್ಲಿ ಬೇಕು.

ಮತ್ತೆ, ಮಲಗಿದವರು ಬಟ್ಟಲು ತಿರುಗಿಸಿ ಕಳಿಸಿದರೆ ಹಟ ಅನ್ನಬೇಡಿ, ಕೊಬ್ಬು ಅನ್ನಬೇಡಿ. ಬೆರಳು ಅದ್ದಿ ನೀವೇ ಒಮ್ಮೆ ನೆಕ್ಕಿ ನೋಡಿ. ನಾನು ಹದಿನೇಳು ದಿನ ನೆಕ್ಕಿ ನೋಡಿರಲಿಲ್ಲ.